ಸಂಚಾರದ ಮನೆಯ ಜಾಲರಿ ಬಾಗಿಲು

ಬೆಳಗಾವಿ ಜಿಲ್ಲೆಯ ಬೈಲಹೊಂಗಲವು ಎರೆನೆಲದ ನಡುವೆ ನೆಲಸಿದ ಊರು. ಹತ್ತಿಯ ವ್ಯಾಪಾರಕ್ಕೆ ಹೆಸರಾದುದು. ೧೮೨೪ರಲ್ಲಿ ಕುಂಪಣಿಯ ಅಧಿಕಾರಿಯಾದ ಥ್ಯಾಕರೆಯ ದಂಡನ್ನು ಕಿತ್ತೂರಿನ ಮುಂದೆ ಮುರಿದ ವೀರರಾಣಿ ಚೆನ್ನಮ್ಮಾಜಿಯು, ಅದೇ ವರ್ಷದ ಎರಡನೆಯ ಯುದ್ಧದಲ್ಲಿ ಸೆರೆಸಿಕ್ಕು, ಇಲ್ಲಿಯ ಕೋಟೆಯಲ್ಲಿ ಬಂದಿಯಾಗಿದ್ದು, ೧೮೨೯ರಲ್ಲಿ ಇಲ್ಲಿಯೇ ದೇಹವಿಟ್ಟಳು. ಆಕೆಯ ಸಮಾಧಿಯು ಈ ಊರಿನಲ್ಲಿದೆ. ಪ್ರವಾಸಿಗನು ಮೊದಲು ಅಲ್ಲಿಗೆ ಹೋಗಿ ತಲೆವಾಗಿ, ಬಳಿಕ ಮುಂದಿನ ದಾರಿಯನ್ನು ಹಿಡಿಯುವುದು ಉಚಿತ.

ಆ ಮುಂದಿನ ದಾರಿಯು ಮೂಡಲಿಗೆ ಸವದತ್ತಿಯ ಕಡೆಗೆ ಸಾಗುತ್ತದೆ. ಮಾರ್ಗಶಿರದ ಹೊಸ್ತಿಲ ಹುಣ್ಣಿವೆಯಿಂದ ಮೊದಲುಗೊಂಡು ಚೈತ್ರದ ದವನದ ಹುಣ್ಣಿವೆಯವರೆಗೆ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಜನರಿಂದ ಇದು ತುಂಬಿರುತ್ತದೆ. ಬನದ ಹುಣ್ಣಿವೆ, ಭಾರತ ಹುಣ್ಣಿವೆಗಳಲ್ಲಂತೂ ಹೇಳುವುದೇ ಬೇಡ. ಇಬ್ಬದಿಗೆ ಹಿಂಗಾರಿ ಜೋಳದ ಹೊಲಗಳು, ಬಿಳಿಯ ಅರಳೆ ಬಿಚ್ಚಿದ ಹತ್ತಿಯ ಗಿಡಗಳು, ನಡುವೆ ಮೇಲೇಳುವ ಧೂಳಿ, ಆ ಧೂಳಿಯೊಳಗಿಂದ ಕೇಳಿಬರುವ ‘ಉಧೋ ಉಧೋ’ ಎಂಬ ಘೋಷ - ಇವನ್ನು ಒಮ್ಮೆ ಕಂಡವರು, ಕೇಳಿದವರು ಮರೆಯಲಾರರು.

ಹಿಂದಿನ ಕಾಲದಲ್ಲಿ ಈ ಯಾತ್ರೆಯು ಎತ್ತಿನ ಗಾಡಿಗಳಲ್ಲಿ ನಡೆಯುತ್ತಿತ್ತು. ಗಾಡಿಗೆ ಬಿದಿರಿನ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹಾಸಿ ಜಮಖಾನೆ ಹರವಿದರೆ ಅದೇ ನಾಲ್ಕು ದಿನದ ಮನೆ. ಹಿಂಬದಿಗೆ ಹಳೆಯ ಸೀರೆಯನ್ನೋ ಕಂಬಳಿಯನ್ನೋ ಇಳಿಯಬಿಟ್ಟರೆ ಅದೇ ಬಾಗಿಲು. ಆ ಬಾಗಿಲು ಕೆಡುವಂಥದಲ್ಲ. ಆದರೆ ಅದನ್ನು ಇಳಿಬಿಟ್ಟರೆ ಗಾಳಿ ಬಾರದು, ಎತ್ತಿ ಕಟ್ಟಿದರೆ ಸೊಳ್ಳೆ ಬಾರದಿರದು. ಈಗಲೂ ಕೆಲವರು ಗಾಡಿಯಲ್ಲಿಯೇ ಹೋಗುವರಾದರೂ, ಟ್ರ್ಯಾಕ್ಟರಿನ ಹಿಂದೆ ಎಳೆಯಿಸಿಕೊಂಡು ಹೋಗುವ ಟ್ರೇಲರುಗಳೇ ಹೆಚ್ಚು. ಕಬ್ಬಿಣದ ಕೊಳವೆಗಳನ್ನು ಬಾಗಿಸಿ ಕಮಾನು ಮಾಡಿ, ಮೇಲೆ ತಾಡಪತ್ರಿ ಬಿಗಿದು, ಗುಡ್ಡದ ಬಯಲಿನಲ್ಲಿ ಅವನ್ನು ನಿಲ್ಲಿಸಿ ವಾಸಮಾಡುವರು. ಸರಕಿನ ಟ್ರೇಲರಿನಲ್ಲಿ ಜನರನ್ನು ಸಾಗಿಸುವುದು ಕಾಯಿದೆಗೆ ಸಮ್ಮತವಲ್ಲ, ಅಪಾಯಕರವೂ ಹೌದು. ಆದುದರಿಂದ ತಿಳಿದವರು ಹಾಸಿಗೆ, ಪಾತ್ರೆ, ಕಟ್ಟಿಗೆ, ಹಿಟ್ಟುಗಳನ್ನು ಟ್ರೇಲರಿನಲ್ಲಿ ಕಳಿಸಿ, ಹೆಂಗಸರು ಮಕ್ಕಳನ್ನು ಕರೆದುಕೊಂಡು ತಾವು ಬಸ್ಸಿನಲ್ಲಿ ಹೋಗುವರು.

ನಾವು ಬನದ ಹುಣ್ಣಿವೆಯ ಹಿಂದಿನ ದಿನ ಗುಡ್ಡದ ಬಯಲನ್ನು ಸೇರಿದಾಗ ಹೊತ್ತು ಇಳಿಯುತ್ತಿತ್ತು. ಎಲ್ಲೆಲ್ಲಿಯೂ ಒಲೆಗಳ ಹೊಗೆ. ಪಡಲಿಗೆ ತುಂಬಿಸುವುದಕ್ಕಾಗಿ ಕಡಬು ಹೋಳಿಗೆಗಳ ಸಿದ್ಧತೆ. ಗಾಳಿಯಲ್ಲಿ ಭಂಡಾರದ ಹಳದಿ. ಬೈಲಹೊಂಗಲದ ಕಡೆಯ ಒಂದು ಕುಟುಂಬದವರು ತಮ್ಮ ಟ್ರೇಲರಿನ ಹಿಂಬದಿಗೆ ಸುತ್ತಿಕೊಳ್ಳುವ ಜಾಲರಿಯ ಬಾಗಿಲನ್ನು ಕೂಡಿಸಿಕೊಂಡು ಬಂದಿದ್ದರು. ಪಟ್ಟಣದ ಮನೆಗಳ ಕಿಟಕಿ ಬಾಗಿಲುಗಳಿಗೆ ಹಾಕುವಂಥದೇ ಅದು. ಆದರೆ ಎಳೆದರೆ ಅರ್ಧಕ್ಕೆ ನಿಲ್ಲುತ್ತಿತ್ತು. ಬಲವಂತವಾಗಿ ಎಳೆದರೆ ಕೆಳಗಿನ ಮೂಲೆಯಲ್ಲಿ ಮೂರು ಬೆರಳಿನಷ್ಟು ಸಂದು ಉಳಿಯುತ್ತಿತ್ತು. ಒಳಗೆ ಮೂರು ತಿಂಗಳ ಕೂಸಿನೊಡನೆ ಮನೆಯ ಸೊಸೆಯು ಕುಳಿತಿದ್ದಳು. ಸೊಳ್ಳೆಗಳು ಆಗಲೇ ಗುಂಯ್‌ಗುಡತೊಡಗಿದ್ದುವು.

ಇದನ್ನು ಅಲ್ಪ ವಿಷಯವೆಂದು ವಾಚಕರು ಎಣಿಸಬಾರದು. ಮಲೇರಿಯದ ರೋಗಾಣುವು ಸೊಳ್ಳೆಯ ದೇಹದಲ್ಲಿ ಬೆಳೆಯುವುದೆಂಬುದನ್ನು ರೊನಾಲ್ಡ್ ರಾಸ್ ಎಂಬ ವೈದ್ಯನು ೧೮೯೭ರಲ್ಲಿ ನಮ್ಮ ನೆರೆಯ ಸಿಕಂದರಾಬಾದಿನಲ್ಲಿಯೇ ಕಂಡುಹಿಡಿದನು. ಇದಾದ ಮೂರು ವರ್ಷಕ್ಕೆ, ಎಂದರೆ ೧೯೦೦ರಲ್ಲಿ, ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಪಂಡಿತನ ಏರ್ಪಾಡಿನಂತೆ ಸ್ಯಾಂಬನ್, ಲೋ ಎಂಬ ಇಬ್ಬರು ವೈದ್ಯರು ಇಟಲಿಯಲ್ಲಿ ರೋಮಿನ ಸಮೀಪದ ಚಳಿಜ್ವರದ ಜೌಗು ಪ್ರದೇಶಕ್ಕೆ ಹೋದರು. ಬಾಗಿಲು ಕಿಟಕಿಗಳಿಗೆಲ್ಲ ತಂತಿಯ ಜಾಲರಿ ಬಿಗಿದ ಮರದ ಗುಡಿಸಲೊಂದರಲ್ಲಿ ಬೇಸಿಗೆಯನ್ನು ಕಳೆದರು. ಹಗಲೆಲ್ಲ ಜನರಂತೆ ಹೊರಗೆ ತಿರುಗಾಡುವರು. ಹೊತ್ತು ಮುಳುಗುವ ಮೊದಲೇ ಒಳಸೇರಿ ಜಾಲರಿ ಮುಚ್ಚಿಕೊಳ್ಳುವರು. ಔಷಧವನ್ನು ಸೇವಿಸಲಿಲ್ಲ. ಸುತ್ತಲಿನವರು ಜ್ವರದಿಂದ ನರಳುತ್ತಿದ್ದರೂ ಇವರಿಬ್ಬರಿಗೆ ಜ್ವರವು ತಟ್ಟಲಿಲ್ಲ. ಚಳಿಜ್ವರದ ಸೊಳ್ಳೆಯು ಇರುಳಿನಲ್ಲಿ ಕಚ್ಚುವಂಥದು. ಈಗ ನಮ್ಮ ಊರುಗಳನ್ನು ಪೀಡಿಸುವ ಡೆಂಗಿಯ ಸೊಳ್ಳೆಯಾದರೋ ಹಗಲಿನಲ್ಲಿಯೇ ಕಚ್ಚುವುದು. ಆದುದರಿಂದ ಮಧ್ಯಾಹ್ನ ಮಲಗುವ ಕೂಸಿಗೂ ಜಾಲರಿಯು ಬೇಕು.

ಈ ಬಾಗಿಲಿನ ಕೀಲನ್ನು ತಿಳಿದುಕೊಳ್ಳುವುದು ಕಠಿಣವಲ್ಲ. ಚೌಕಟ್ಟಿನ ಒಂದು ಬದಿಗೆ ಒಂದು ಪೆಟ್ಟಿಗೆ. ಅದರೊಳಗೆ ಪೊಳ್ಳಾದ ಕೊಳವೆ. ಕೊಳವೆಯ ಹೊಟ್ಟೆಯಲ್ಲಿ ಸುರುಳಿಯ ಸ್ಪ್ರಿಂಗು. ಸ್ಪ್ರಿಂಗಿನ ಒಂದು ತುದಿ ಕೊಳವೆಗೆ, ಇನ್ನೊಂದು ತುದಿ ತಿರುಗದ ಮೊಳೆಗೆ ಸಿಕ್ಕಿಸಿರುತ್ತದೆ. ಜಾಲರಿಯನ್ನು ಎಳೆದಂತೆ ಕೊಳವೆ ತಿರುಗಿ ಸ್ಪ್ರಿಂಗು ಬಿಗಿಯುವುದು. ಬಿಟ್ಟರೆ ಅದೇ ಬಿಗಿಯು ಜಾಲರಿಯನ್ನು ಒಳಕ್ಕೆ ಸುತ್ತಿಕೊಳ್ಳುವುದು. ಕಿಟಕಿಯ ಪರದೆಗಾಗಿ ಇಂಥ ಸ್ಪ್ರಿಂಗಿನ ಕೊಳವೆಗೆ ಅಮೇರಿಕೆಯ ಸ್ಟುವರ್ಟ್ ಹಾರ್ಟ್‌ಶಾರ್ನ್ ಎಂಬವನು ೧೮೬೪ರಲ್ಲಿ ಹಕ್ಕುಪತ್ರವನ್ನು ಪಡೆದನು. ಆ ದೇಶದಲ್ಲಿ ಮೋಟಾರಿನ ಹಿಂದೆ ಮನೆಯನ್ನೇ ಕಟ್ಟಿಕೊಂಡು ಸಂಚರಿಸುವ ಸಂಸಾರಗಳು ಬಹಳ. ಅಂಥ ಮನೆಗಳಿಗೂ ಈ ಬಗೆಯ ಜಾಲರಿ ಬಾಗಿಲನ್ನು ಹಾಕುವುದುಂಟು. ಮೇಲೂ ಕೆಳಗೂ ಇರುವ ಎರಡು ಗಾಡಿಗಳಲ್ಲಿ, ಎಂದರೆ ಹಳ್ಳದಂತಹ ಪಟ್ಟಿಗಳಲ್ಲಿ, ಜಾಲರಿಯ ಅಂಚಿನ ಹಿಡಿಕೆಯು ಜಾರುವುದು. ಎದುರು ಬದಿಯ ಅಯಸ್ಕಾಂತದ ಪಟ್ಟಿಯು ಅದನ್ನು ಹಿಡಿದು ನಿಲ್ಲಿಸುವುದು.

ನೆರೆಯ ಟ್ರೇಲರಿನಲ್ಲಿ ಒಬ್ಬ ವೃದ್ಧ ಬಡಿಗರಿದ್ದರು. ಅವರನ್ನು ಕರೆತಂದರು.

“ಅಜ್ಜಾರ, ಹೊಸಾ ಪರದೀನ ಹಾಕಸಬೇಕೇನ್ರಿ?” ಎಂದು ಸೊಸೆಯು ಕೇಳಿದಳು.

“ಬ್ಯಾಡ, ತಂಗೀ. ಪರದಿ ಗಟ್ಟಿ ಐತಿ. ಗಾಡಿ ನಿಂತದ್ದು ಸೊಟ್ಟ ಐತಿ. ಮೊದಲ ನೆಲಾ ನೋಡ್ರಿ, ಆಮ್ಯಾಲ ಬಾಗಲಾ ನೋಡೋಣು” ಎಂದರು ಅವರು.

ಅದು ನಿಜವಾಗಿತ್ತು. ಒಂದು ಗಾಲಿಯು ತಗ್ಗಿನಲ್ಲಿ ಇಳಿದಿತ್ತು. ಅದರಿಂದ ಟ್ರೇಲರು ತಿರುಚಿ, ಚೌಕಟ್ಟಿನ ಮೂಲೆ ತಪ್ಪಿತ್ತು. ಎಲ್ಲರನ್ನೂ ಇಳಿಸಿ, ತಗ್ಗಿಗೆ ದಪ್ಪ ಹಲಗೆಯನ್ನು ಹಾಕಿ, ಟ್ರ್ಯಾಕ್ಟರನ್ನು ಮೆಲ್ಲನೆ ಮುಂದೆ ಸರಿಸಿ ಗಾಲಿಯನ್ನು ಅದರ ಮೇಲೇರಿಸಿ, ಗಾಲಿಗಳಿಗೆಲ್ಲ ಕಲ್ಲು ಒತ್ತಿದರು. ಬಳಿಕ ಬಡಿಗರು ಒಂದು ದಾರವನ್ನು ತೆಗೆದುಕೊಂಡು ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೂ, ಮೇಲಿನ ಬಲಮೂಲೆಯಿಂದ ಕೆಳಗಿನ ಎಡಮೂಲೆಗೂ ಹಿಡಿದು ನೋಡಿದರು. ಎದುರುಬದುರಿನ ಬದಿಗಳು ಸಮವಾಗಿದ್ದು ಈ ಎರಡು ಅಳತೆಗಳೂ ಸಮವಾದರೆ ಚೌಕಟ್ಟು ನೆಟ್ಟಗಿದೆಯೆಂದು ತಿಳಿಯಬೇಕು. ಇನ್ನೂ ಅರ್ಧ ಬೆರಳಿನ ವ್ಯತ್ಯಾಸವಿತ್ತು. ಚೌಕಟ್ಟಿನ ತಿರುಪುಗಳನ್ನು ಸಡಿಲಿಸಿ, ಕೆಳಗೆ ತೆಳುವಾದ ಮರದ ಚಕ್ಕೆಯೊಂದನ್ನು ಕೊಟ್ಟು, ಅಳತೆ ಕೂಡಿದ ಮೇಲೆ ತಿರುಗಿ ಬಿಗಿದರು.

ಎರಡನೆಯದಾಗಿ ಕೆಳಗಿನ ಪಟ್ಟಿಯನ್ನು ನೋಡಿದರು. ಅದರ ತುಂಬ ದಾರಿಯ ಧೂಳಿ, ಭಂಡಾರ, ಕೊಬ್ಬರಿಯ ಚೂರು. ಹಳೆಯ ಹಲ್ಲುಜ್ಜುವ ಕುಂಚದಿಂದ ಅದನ್ನೆಲ್ಲ ತೆಗೆದು ಒದ್ದೆಯ ಅರಿವೆಯಿಂದ ಒರಸಿ ಒಣಗಿಸಿದರು. ಮನೆಯ ಹುಡುಗನೊಬ್ಬನು ಎಣ್ಣೆಯ ಬಟ್ಟಲನ್ನು ತಂದನು, ಬಡಿಗರು ಬೇಡವೆಂದರು. ಗಾಡಿಯ ಅಚ್ಚಿಗೆ ಕೀಲೆಣ್ಣೆಯು ಹಿತ. ಜಾಲರಿಯ ಪಟ್ಟಿಗೆ ಅದು ವಿಷ. ಎಣ್ಣೆಗೆ ಧೂಳಿ ಅಂಟಿ ಮರುದಿನವೇ ಕೆಸರಾಗುವುದು. ಒಣಗಿದ ಪಟ್ಟಿಗೆ ಮೇಣಬತ್ತಿಯ ತುಂಡನ್ನು ಒಮ್ಮೆ ಎಳೆದರೆ ಸಾಕು.

ಮೂರನೆಯದು ಸ್ಪ್ರಿಂಗಿನ ಬಿಗಿ. ಇದನ್ನು ಕೊನೆಗೇ ಮುಟ್ಟತಕ್ಕದ್ದು. ಜಾಲರಿಯು ಪೂರ್ತಿ ಒಳಗೆ ಹೋಗದೆ ಜೋತುಬಿದ್ದರೆ ಬಿಗಿ ಕಡಿಮೆಯಾಗಿದೆ. ಕೈಬಿಟ್ಟೊಡನೆ ರಪ್ಪನೆ ಬಡಿದರೆ ಹೆಚ್ಚಾಗಿದೆ. ಕೊಳವೆಯ ತುದಿಯ ಮೊಳೆಯನ್ನು ಕಳಚುವಾಗ ಅದನ್ನು ಇಕ್ಕಳದಿಂದ ಭದ್ರವಾಗಿ ಹಿಡಿದಿರಬೇಕು; ಬಿಟ್ಟರೆ ಸ್ಪ್ರಿಂಗು ಸರ್ರನೆ ಬಿಚ್ಚಿಕೊಂಡು ಕೈಯನ್ನು ಗಾಯಗೊಳಿಸುವುದು. ಒಂದು ಸುತ್ತು ತಿರುಗಿಸುವುದು, ಕೂಡಿಸುವುದು, ಎಳೆದು ನೋಡುವುದು. ಸಾಲದಿದ್ದರೆ ಮತ್ತೊಂದು ಸುತ್ತು. ತಿರುಗಿಸಿದ ಸುತ್ತುಗಳನ್ನು ಬಾಯಿಬಿಟ್ಟು ಎಣಿಸುವುದು ಒಳ್ಳೆಯದು. ಆ ಸಂಜೆ ಒಂದೇ ಸುತ್ತು ಸಾಕಾಯಿತು. ಬಾಗಿಲು ಸದ್ದಿಲ್ಲದೆ ಸರಿದು ಅಯಸ್ಕಾಂತಕ್ಕೆ ಅಂಟಿತು. ಹೊತ್ತು ಮುಳುಗುವಷ್ಟರಲ್ಲಿ ಕೂಸು ನಿದ್ದೆಹೋಗಿತ್ತು. ಬಡಿಗರು ಕಾಸು ಮುಟ್ಟದೆ, ಹೋಳಿಗೆಯನ್ನು ಮಾತ್ರ ಸ್ವೀಕರಿಸಿದರು.

ಇಂಥ ಬಾಗಿಲನ್ನು ಇಟ್ಟುಕೊಂಡ ಗೃಹಸ್ಥರು ಇನ್ನು ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ಜಾಲರಿಯು ಅಂಗುಲಕ್ಕೆ ೧೬ರಿಂದ ೧೮ ಎಳೆಗಳುಳ್ಳದ್ದಾಗಿದ್ದರೆ ಸೊಳ್ಳೆಯು ನುಸುಳದು. ಸಣ್ಣ ತೂತು ಬಿದ್ದರೆ ಅದೇ ಬಣ್ಣದ ನೂಲಿನಿಂದ ಅಂದೇ ಹೊಲಿಯಬೇಕು. ಗಂಟು ದಪ್ಪವಾದರೆ ಸುತ್ತಿಕೊಳ್ಳುವಾಗ ಉಬ್ಬುವುದು. ಗಾಡಿಯು ಚಲಿಸುವಾಗ ಜಾಲರಿಯನ್ನು ಸುತ್ತಿಟ್ಟು ಹಿಡಿಕೆಯನ್ನು ಕಟ್ಟಬೇಕು. ಒದ್ದೆಯಾದುದನ್ನು ಒಣಗಿಸದೆ ಸುತ್ತಬಾರದು. ಒಲೆಯನ್ನು ಅದರ ಹತ್ತಿರ ಹೂಡಲೇಬಾರದು. ಒಳಗಿನಿಂದ ಮಕ್ಕಳೂ ಮುದುಕರೂ ಸುಲಭವಾಗಿ ತೆರೆಯುವಂತೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜಾಲರಿಯನ್ನು ಗೋಡೆಯೆಂದು ನಂಬಿ ಅಂಬೆಗಾಲಿಡುವ ಮಗುವನ್ನು ಅದರ ಬಳಿ ಬಿಡಬಾರದು. ಅದು ಸೊಳ್ಳೆಯನ್ನು ತಡೆಯುವುದೇ ಹೊರತು ಮಗುವಿನ ಭಾರವನ್ನು ತಡೆಯದು. ಇರುಳು ಟ್ರೇಲರಿನ ಹಲಗೆಯ ಬಾಗಿಲನ್ನು ಏರಿಸಿಯೇ ಇರಬೇಕು.

ಮರುದಿನ ಜೋಗುಳಬಾವಿಯ ಕಡೆಗೆ ನಡೆದು ಹೋಗುವಾಗ ಸಾಲುಸಾಲಾಗಿ ನಿಂತ ನೂರಾರು ಗಾಡಿ ಟ್ರೇಲರುಗಳನ್ನು ನೋಡಿದೆವು. ಕೆಲವಕ್ಕೆ ಸೀರೆಯ ಮರೆ, ಕೆಲವಕ್ಕೆ ತಾಡಪತ್ರಿಯ ಮರೆ, ಹಲವಕ್ಕೆ ಯಾವ ಮರೆಯೂ ಇಲ್ಲ. ಸೀರೆಯ ಮರೆಯಿರುವಲ್ಲಿ ಒಂದು ಸೊಳ್ಳೆಪರದೆಯನ್ನು ಕಮಾನಿಗೆ ಕಟ್ಟಿ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದರೂ ಅದೇ ಫಲವುಂಟು; ಖರ್ಚು ಕಡಿಮೆ, ಕೆಡುವ ಕೀಲೂ ಇಲ್ಲ. ಈ ವರ್ಷ ಯಾತ್ರೆಗೆ ಹೊರಡುವ ಸಂಸಾರಗಳು ಹಿಟ್ಟಿನ ಡಬ್ಬಿ, ಭಂಡಾರದ ಚೀಲಗಳ ಜತೆಗೆ ಒಂದು ದಾರದ ಉಂಡೆ, ಒಂದು ಹಲಗೆ, ಒಂದು ಮೇಣಬತ್ತಿಯನ್ನೂ ಕಟ್ಟಿಕೊಳ್ಳಲಿ. ಗುಡ್ಡವನ್ನು ಸೇರಿದೊಡನೆ, ಒಲೆ ಹೂಡುವ ಮೊದಲೇ, ಗಾಲಿ ನಿಂತ ನೆಲವನ್ನು ಒಮ್ಮೆ ನೋಡಲಿ.