ಗ್ಲೋವ್ ಬಾಕ್ಸಿನ ಹಿಂದಿನ ಹತ್ತು ನಿಮಿಷ

ಇವತ್ತಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಒಂದು ಕರಿ ಪ್ಲಾಸ್ಟಿಕ್ ಮುಚ್ಚಳ, ಅದರ ಮೇಲೆ ಕಂಪನಿಯ ಹೆಸರು. ಪ್ರೀಮಿಯರ್ ಪದ್ಮಿನಿಯ ಕಾಲದಲ್ಲಿ ಕಾರ್ಬುರೇಟರ್ ಬಿಚ್ಚಿ ಊದಿ, ಪ್ಲಗ್ಗು ತೆಗೆದು ಎಮರಿ ಪೇಪರಿನಲ್ಲಿ ಉಜ್ಜಿ, ಕೈಯೆಲ್ಲ ಮಸಿ ಮಾಡಿಕೊಂಡು ಸಂಭ್ರಮಿಸುತ್ತಿದ್ದ ಯಜಮಾನರಿಗೆ ಅಲ್ಲಿ ಈಗ ಬೆರಳು ತೂರಿಸಲೂ ಜಾಗವಿಲ್ಲ. ವೈಪರಿನ ನೀರು ತುಂಬುವುದು, ಟೈರಿನ ಗಾಳಿ ನೋಡುವುದು ಇಂಥ ಚಿಲ್ಲರೆ ಕೆಲಸ ಬಿಟ್ಟರೆ ಬಿಚ್ಚಿ ಜೋಡಿಸುವ ಸುಖ ಕೊಡುವ ಮನೆಗೆಲಸ ಹೆಚ್ಚೇನೂ ಉಳಿದಿಲ್ಲ. ಉಳಿದಿರುವುದರಲ್ಲಿ ಸೊಗಸಾದದ್ದು ಬಾನೆಟ್ ಕೆಳಗಿಲ್ಲ, ಗ್ಲೋವ್ ಬಾಕ್ಸಿನ ಹಿಂದಿದೆ: ಕಾರಿನೊಳಕ್ಕೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಬದಲಿಸುವುದು.

ಇದರ ರುಚಿ ಹತ್ತಿದವರು ಬೀದಿಗೊಬ್ಬರಾದರೂ ಇರುತ್ತಾರೆ. ಮೊದಲು ತಮ್ಮ ಗಾಡಿ, ಆಮೇಲೆ ಅಪಾರ್ಟ್‌ಮೆಂಟಿನ ಪಕ್ಕದ ಪಾರ್ಕಿಂಗಿನವರದು. ಭಾವಮೈದುನ ಹಬ್ಬದೂಟಕ್ಕೆ ಬಂದರೆ, ಅವನ ಕಾಫಿ ಆರುವ ಮೊದಲೇ ಅವನ ಗಾಡಿಯ ಗ್ಲೋವ್ ಬಾಕ್ಸ್ ಜೋತಾಡುತ್ತಿರುತ್ತದೆ. ಇದರಲ್ಲಿ ಉಳಿಯುವ ದುಡ್ಡು ದೊಡ್ಡದಲ್ಲ. ಅವರನ್ನು ಎಳೆಯುವುದು ಹಳೆಯ ಫಿಲ್ಟರನ್ನು ಹೊರಗೆಳೆದು ನೋಡುವ ಕುತೂಹಲ.

ಈ ಹವ್ಯಾಸ ಶುರುವಾಗುವುದು ಅಂಗಡಿಯಲ್ಲಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಬರೀ ‘ಏರ್ ಫಿಲ್ಟರ್’ ಎಂದು ಕೇಳಿದರೆ ಎಂಜಿನ್ನಿನದನ್ನು ತೆಗೆದು ಕೊಟ್ಟುಬಿಡುತ್ತಾರೆ. ‘ಎಸಿ ಫಿಲ್ಟರ್’ ಎನ್ನಬೇಕು. ಆಮೇಲೆ ಸಣ್ಣದೊಂದು ಪಾಟೀಸವಾಲು. “ಯಾವ ಗಾಡಿ ಸಾರ್? ಎಷ್ಟನೇ ಮಾಡೆಲ್ಲು? ಹಳೇ ಶೇಪಾ, ಹೊಸದಾ?” ಈ ಪ್ರಶ್ನೆಗಳಿಗೆ ಅರ್ಥವಿದೆ. ಹೆಸರು ಒಂದೇ ಆದರೂ ಹೊಸ ತಲೆಮಾರಿನ ಗಾಡಿಯಲ್ಲಿ ಖಾನೆಯ ಅಳತೆ ಬೇರೆಯಾಗಿರಬಹುದು. ನಾಲ್ಕು ಮಿಲಿಮೀಟರ್ ಕಡಿಮೆಯಾದರೆ ಫಿಲ್ಟರ್ ಸಲೀಸಾಗಿಯೇ ಕೂರುತ್ತದೆ, ಆದರೆ ಗಾಳಿ ಅಡ್ಡದಾರಿ ಹಿಡಿದು ಅದರ ಅಂಚಿನಿಂದಲೇ ನುಸುಳುತ್ತದೆ. ಅದಕ್ಕೇ ಪಳಗಿದವರು ಡಬ್ಬಿಯ ಮೇಲಿನ ಬಣ್ಣದ ಚಿತ್ರ ನೋಡದೆ, ಅಂಚಿನ ಸ್ಪಂಜು ಬಿಗಿಯಾಗಿದೆಯೇ, ಚೌಕಟ್ಟು ಹಿಡಿದರೆ ಬಳುಕುತ್ತದೆಯೇ ಎಂದು ನೋಡುತ್ತಾರೆ, ಮಡಿಕೆಗಳನ್ನು ಎಣಿಸುತ್ತಾರೆ. ಮಡಿಕೆ ಹೆಚ್ಚಿದ್ದಷ್ಟೂ ಧೂಳು ಕೂರಲು ಜಾಗ ಹೆಚ್ಚು.

ಬಿಳಿಯದೋ ಕರಿಯದೋ ಎಂಬುದು ಇನ್ನೊಂದು ಜಿಜ್ಞಾಸೆ. ಬಿಳಿಯದು ಬರೀ ಧೂಳು ಹಿಡಿಯುವಂಥದ್ದು. ಬೂದು ಅಥವಾ ಕಪ್ಪು ಬಣ್ಣದ್ದರಲ್ಲಿ ಎರಡು ಪದರಗಳ ನಡುವೆ ಸಕ್ರಿಯ ಇದ್ದಿಲಿನ ಹರಳುಗಳಿರುತ್ತವೆ. ಈ ಇದ್ದಿಲನ್ನು ತಯಾರಿಸುವ ಮುಖ್ಯ ಕಚ್ಚಾವಸ್ತುಗಳಲ್ಲಿ ತೆಂಗಿನ ಚಿಪ್ಪು ಒಂದು. ಕೊಬ್ಬರಿ ಸುಲಿದು ಚಿಪ್ಪನ್ನು ಬಚ್ಚಲೊಲೆಗೆ ಹಾಕುವ ತಿಪಟೂರಿನ ಕಡೆಯವರು ಇದನ್ನು ಕೇಳಿದರೆ ಒಂದು ಗಳಿಗೆ ಯೋಚಿಸಿಯಾರು. ಚಿಪ್ಪನ್ನು ಸುಟ್ಟು, ಹೆಚ್ಚಿನ ಶಾಖದಲ್ಲಿ ಹಬೆ ಹಾಯಿಸಿದಾಗ ಅದರೊಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು ಬಿಡುತ್ತವೆ. ಹೀಗೆ ತಯಾರಾದ ಒಂದು ಗ್ರಾಂ ಇದ್ದಿಲಿನ ಒಳಮೈಯನ್ನು ಹರಡಿದರೆ ಹೆಚ್ಚುಕಡಿಮೆ 1000 ಚದರ ಮೀಟರ್, ಬೆಂಗಳೂರಿನ ಲೆಕ್ಕದಲ್ಲಿ ಒಂಬತ್ತು ‘ಥರ್ಟಿ ಫಾರ್ಟಿ’ ಸೈಟು! ಹೊಗೆಯ ವಾಸನೆ, ಪೆಟ್ರೋಲಿನ ಆವಿ, ಓಜೋನ್ ಇವೆಲ್ಲ ಆ ಮೈಗೆ ಅಂಟಿಕೊಳ್ಳುತ್ತವೆ. ಕಾರ್ಬನ್ ಮಾನಾಕ್ಸೈಡ್ ಮಾತ್ರ ಅಂಟುವುದಿಲ್ಲ. ಕಾರ್ಬನ್ ಫಿಲ್ಟರ್ ಇದೆಯೆಂಬ ಧೈರ್ಯದಲ್ಲಿ ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸುತ್ತ ಕೂರುವುದು ಪ್ರಾಣಕ್ಕೇ ಎರವು. ಕರಿಯದಕ್ಕೆ ಇನ್ನೊಂದು ಕೊರತೆಯಿದೆ: ಹುಟ್ಟಿನಿಂದಲೇ ಕಪ್ಪಾದ್ದರಿಂದ ಎಷ್ಟು ಕೊಳೆಯಾಗಿದೆಯೆಂದು ನೋಡಿದರೆ ತಿಳಿಯುವುದಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ದಿನಾ ನಿಲ್ಲುವವರ ಮೂಗಿಗೆ ಕರಿಯದು ಮೇಲು. ಬಿಚ್ಚಿ ನೋಡುವ ಖುಷಿಗೆ ಬಿಳಿಯದನ್ನು ಮೀರಿಸಿದ್ದಿಲ್ಲ.

‘ಹೆಪಾ’ ಎಂದು ದಪ್ಪಕ್ಷರದಲ್ಲಿ ಬರೆದ ಡಬ್ಬಿಗಳೂ ಸಿಗುತ್ತವೆ. ನಿಜವಾದ ಹೆಪಾ ಎಂದರೆ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ತಡೆಯಬೇಕು. ಅಷ್ಟು ಒತ್ತಾದ ಹಾಳೆಯ ಮೂಲಕ ಗಾಳಿ ಎಳೆಯಲು ಜೋರಾದ ಬ್ಲೋವರ್ ಬೇಕು, ಹಾಳೆಯೂ ವಿಶಾಲವಾಗಿರಬೇಕು. 2015ರಲ್ಲಿ ಟೆಸ್ಲಾ ಕಂಪನಿ ಮಾಡೆಲ್ ಎಕ್ಸ್ ಕಾರಿಗೆ ಇಂಥದ್ದನ್ನು ಕೂರಿಸಿದಾಗ ಫಿಲ್ಟರಿನ ಗಾತ್ರವನ್ನೇ ಹಲವು ಪಟ್ಟು ಹಿಗ್ಗಿಸಿತ್ತು. ಸಣ್ಣ ಕಾರಿನ ಅಂಗೈಯಗಲದ ಖಾನೆಗೆ ಆ ಹೆಸರಿನ ಹಾಳೆ ತೂರಿಸಿದರೆ ಒಂದೋ ಗಾಳಿ ಬರುವುದಿಲ್ಲ, ಇಲ್ಲವೇ ಡಬ್ಬಿಯ ಮೇಲಿನ ಮಾತು ನಿಜವಲ್ಲ.

ಇನ್ನು ಕೆಲಸ. ಬೇಕಾದ ಸಲಕರಣೆ ಎರಡು ಕೈ, ಒಂದು ಹಳೆ ಬಟ್ಟೆ, ಮೊಬೈಲಿನ ಟಾರ್ಚು. ಮಾರುತಿ, ಹ್ಯುಂಡೈಗಳ ಬಹಳಷ್ಟು ಗಾಡಿಗಳಲ್ಲಿ ಫಿಲ್ಟರ್ ಇರುವುದು ಎಡಗಡೆ ಗ್ಲೋವ್ ಬಾಕ್ಸಿನ ಹಿಂದೆ. ಮೊದಲು ಅದನ್ನು ಖಾಲಿ ಮಾಡಬೇಕು. ಇನ್ಶೂರೆನ್ಸ್ ಕಾಗದ, ಅವಧಿ ಮುಗಿದ ಎಮಿಷನ್ ಸರ್ಟಿಫಿಕೇಟು, ಫಾಸ್ಟ್ಯಾಗ್ ಬರುವ ಮೊದಲಿನ ಟೋಲ್ ಚೀಟಿ, ಧರ್ಮಸ್ಥಳದ ಕುಂಕುಮದ ಪೊಟ್ಟಣ, ಕಳೆದೇಹೋಯಿತೆಂದು ಮನೆಯಲ್ಲಿ ಜಗಳವಾಗಿದ್ದ ಕೂಲಿಂಗ್ ಗ್ಲಾಸು ಎಲ್ಲವೂ ಹೊರಬರುತ್ತವೆ. ಆಮೇಲೆ ಬಾಕ್ಸಿನ ಎರಡು ಪಕ್ಕಗಳನ್ನು ಒಳಕ್ಕೆ ಒತ್ತಿ ಹಿಡಿದು ಕೆಳಕ್ಕಿಳಿಸಬೇಕು. ಪ್ಲಾಸ್ಟಿಕ್ ‘ಟಕ್’ ಎನ್ನುತ್ತದೆ, ಹೊಸಬರ ಎದೆ ಧಸಕ್ಕೆನ್ನುತ್ತದೆ. ಮುರಿದಿರುವುದಿಲ್ಲ, ತಡೆ ಬಿಟ್ಟುಕೊಂಡಿರುತ್ತದೆ ಅಷ್ಟೆ. ಕೆಲವು ಗಾಡಿಗಳಲ್ಲಿ ಪಕ್ಕಕ್ಕೆ ಒಂದು ಸಣ್ಣ ದಾರವೋ ಕಡ್ಡಿಯೋ ಸಿಕ್ಕಿಸಿರುತ್ತದೆ, ಅದನ್ನು ಮೊದಲೇ ಬಿಡಿಸಬೇಕು. ಬಾಕ್ಸ್ ಜೋತುಬಿದ್ದರೆ ಹಿಂದೆ ಉದ್ದನೆಯ ಮುಚ್ಚಳ, ಅದರ ತುದಿಗಳಲ್ಲಿ ಕ್ಲಿಪ್ಪು. ಒತ್ತಿದರೆ ಮುಚ್ಚಳ ಕೈಗೆ ಬರುತ್ತದೆ, ಒಳಗೆ ಫಿಲ್ಟರಿನ ಅಂಚು ಕಾಣುತ್ತದೆ.

ಇಲ್ಲಿ ಅವಸರ ಕೂಡದು. ರಪ್ಪನೆ ಎಳೆದರೆ ಮೇಲೆ ಕೂತ ಎಲೆ, ಕಡ್ಡಿ ಕೆಳಗಿನ ಬ್ಲೋವರಿಗೆ ಉದುರಿ, ಫ್ಯಾನು ಹಾಕಿದಾಗ ‘ಕರಕರ’ ಎಂದು ಹಾಡತೊಡಗುತ್ತದೆ. ಅಡ್ಡಲಾಗಿ ಹಿಡಿದು, ಅಲುಗಿಸದೆ, ನಿಧಾನವಾಗಿ ಎಳೆಯಬೇಕು.

ಹಳೆ ಫಿಲ್ಟರನ್ನು ಬಿಸಿಲಿಗೆ ಹಿಡಿದು ನೋಡುವ ಗಳಿಗೆಗಾಗಿಯೇ ಈ ಜನ ಇಷ್ಟೆಲ್ಲ ಮಾಡುವುದು. ಗಾಡಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ಓಡಾಡುತ್ತದೆ ಎಂಬುದು ಮಡಿಕೆಗಳಲ್ಲಿ ಸ್ಪಷ್ಟ. ಜಯನಗರದ ಸಾಲುಮರದಡಿ ನಿಲ್ಲುವ ಗಾಡಿಯಲ್ಲಿ ಯುಗಾದಿ ಸುಮಾರಿಗೆ ಹೊಂಗೆಯ ತರಗೆಲೆ, ಅದಕ್ಕೂ ಮೊದಲು ಟಬೆಬುಯಾದ ಬಾಡಿದ ಎಸಳು. ಸಂಡೂರಿನ ಗಣಿರಸ್ತೆಯ ಗಾಡಿಯದು ಅದಿರಿನ ಕೆಂಪು. ವಾಡಿ, ಶಹಾಬಾದ್ ಕಡೆಯದಕ್ಕೆ ಸಿಮೆಂಟಿನ ಬೂದು. ಕರಾವಳಿಯ ಮಳೆಗಾಲ ಕಳೆದ ಫಿಲ್ಟರಿನಲ್ಲಿ ಬೂಷ್ಟಿನ ಚುಕ್ಕೆ. ಅಂಚು ಕಚ್ಚಿ ಚಿಂದಿಯಾಗಿದ್ದು ಜೊತೆಗೆ ಕಡಲೆಕಾಯಿ ಸಿಪ್ಪೆಯೂ ಸಿಕ್ಕಿದರೆ ಇಲಿರಾಯರ ಸಂಸಾರ ಅಲ್ಲೇ ನಡೆದಿದೆ ಎಂದರ್ಥ. ಕೆಲವೊಮ್ಮೆ ಖಾನೆಯಲ್ಲಿ ಏನೂ ಇರುವುದಿಲ್ಲ. ಅಗ್ಗದ ಹಳೆಯ ಮಾದರಿಗಳಲ್ಲಿ ಕೆಲವು ಫಿಲ್ಟರೇ ಇಲ್ಲದೆ ಕಾರ್ಖಾನೆಯಿಂದ ಹೊರಬಿದ್ದವು. ಅಂಥ ಗಾಡಿಯವರ ಪಾಲಿಗೆ ಶ್ವಾಸಕೋಶವೇ ಫಿಲ್ಟರು.

ಈ ಕಸ ಕಣ್ಣಿಗೆ ಕಾಣುವಂಥದ್ದು, ಹಿಡಿಯುವುದೂ ಸುಲಭ. ಮಳೆ ಬಿದ್ದ ಮೇಲೆ ಖಾಲಿ ಸೈಟಿನಲ್ಲೆಲ್ಲ ಅರಳಿ ಅಲರ್ಜಿ ತರುವ ಕಾಂಗ್ರೆಸ್ ಗಿಡದ ಪರಾಗವೂ 10 ಮೈಕ್ರಾನಿಗಿಂತ ದೊಡ್ಡದೇ; ಸಾಧಾರಣ ಫಿಲ್ಟರಿಗೂ ಸಿಕ್ಕಿಬೀಳುತ್ತದೆ. ಡೀಸೆಲ್ ಮಸಿಯ ಕಣ ಬಹುಮಟ್ಟಿಗೆ ಒಂದು ಮೈಕ್ರಾನಿಗೂ ಚಿಕ್ಕದು, ಹಾಳೆಯ ರಂಧ್ರವೇ ಅದಕ್ಕಿಂತ ದೊಡ್ಡದು. ಆದರೂ ಅದರಲ್ಲಿ ಒಂದು ಪಾಲು ಸಿಕ್ಕಿಬೀಳಲು ಕಾರಣಗಳಿವೆ. ತೀರ ಸಣ್ಣ ಕಣಗಳು ನೆಟ್ಟಗೆ ಸಾಗದೆ ಅತ್ತಿತ್ತ ತಡವರಿಸುತ್ತ ಎಳೆಗಳಿಗೆ ಬಡಿಯುತ್ತವೆ. ಜೊತೆಗೆ, ಎಳೆಗಳಿಗೆ ತಯಾರಿಸುವಾಗಲೇ ವಿದ್ಯುದಾವೇಶ ತುಂಬಿರುತ್ತಾರೆ; ಹತ್ತಿರ ಸುಳಿದ ಕಣವನ್ನು ಅದು ಸೆಳೆದುಕೊಳ್ಳುತ್ತದೆ. ದೊಡ್ಡದೂ ಅಲ್ಲದ, ತೀರ ಸಣ್ಣದೂ ಅಲ್ಲದ 0.3 ಮೈಕ್ರಾನ್ ಆಸುಪಾಸಿನದೇ ತಪ್ಪಿಸಿಕೊಳ್ಳುವ ಮಹಾ ಕಳ್ಳ. ಹೆಪಾ ಪರೀಕ್ಷೆಗೆ ಆ ಗಾತ್ರವನ್ನೇ ಆರಿಸಿದ್ದು ಅದಕ್ಕೇ.

ಹೀಗಿರುವಾಗ “ಗಾಳಿ ಹೊಡ್ದಿದೀನಿ ಸಾರ್, ಇನ್ನೊಂದಾರು ತಿಂಗಳು ಬರುತ್ತೆ” ಎನ್ನುವ ಸರ್ವಿಸಿನ ಹುಡುಗರ ಮಾತಿಗೆ ತಲೆಯಾಡಿಸಬಾರದು. ಕಂಪ್ರೆಸರಿನ ಗಾಳಿಗೆ ಕಣ್ಣಿಗೆ ಕಾಣುವ ಧೂಳು ಹಾರುತ್ತದೆ, ಎಳೆಗಳೂ ಹರಿಯುತ್ತವೆ. ಒಳಗೆ ಕೂತ ಮಸಿ ಜಪ್ಪಯ್ಯ ಎಂದರೂ ಕದಲುವುದಿಲ್ಲ, ಕಳೆದುಹೋದ ಆವೇಶ ವಾಪಸು ಬರುವುದಿಲ್ಲ. ನೀರಿನಲ್ಲಿ ತೊಳೆಯುವುದಂತೂ ಬೂಷ್ಟಿಗೆ ಆಮಂತ್ರಣ. ವರ್ಷಕ್ಕೊಂದು ಹೊಸದು, ಮೆಟ್ರೊ ಕಾಮಗಾರಿಯ ರಸ್ತೆಯಲ್ಲಿ ಓಡಾಡುವವರಿಗೆ ಅದಕ್ಕೂ ಮೊದಲೇ.

ಹೊಸದನ್ನು ತೂರಿಸುವ ಮುನ್ನ ಅಂಚಿನ ಬಾಣದ ಗುರುತು ನೋಡಬೇಕು. ಹೆಚ್ಚಿನವುಗಳಲ್ಲಿ ಅದು ಗಾಳಿ ಹರಿಯುವ ದಿಕ್ಕು. ‘ಅಪ್’ ಎಂದು ಬರೆದಿದ್ದರೆ ಆ ಬದಿ ಮೇಲಿರಬೇಕು ಎಂದಷ್ಟೇ ಅರ್ಥ. ಎರಡನ್ನೂ ಒಂದೇ ಎಂದುಕೊಂಡು ಬುಡಮೇಲು ಹಾಕಿದ ಗಾಡಿಗಳು ಊರಲ್ಲಿ ಬೇಕಾದಷ್ಟಿವೆ.

ಈ ಏರ್ಪಾಡಿನ ಚರಿತ್ರೆ ಶುರುವಾಗುವುದು ಧೂಳಿನಿಂದಲ್ಲ, ಚಳಿಯಿಂದ. ಅಮೆರಿಕದ ನ್ಯಾಶ್ ಕಂಪನಿ 1938ರಲ್ಲಿ ಹೊರಗಿನ ಗಾಳಿಯನ್ನು ಎಳೆದು, ಸೋಸಿ, ಬಿಸಿ ಮಾಡಿ ಕಾರಿನೊಳಕ್ಕೆ ಬಿಡುವ ಹೀಟರ್ ತಂದಿತು. ಅದರ ಹಿಂದಿನ ವರ್ಷವಷ್ಟೇ ಅದು ಕೆಲ್ವಿನೇಟರ್ ಜೊತೆ ಒಂದಾಗಿತ್ತು. ನಮ್ಮ ಎಷ್ಟೋ ಅಡುಗೆಮನೆಗಳಲ್ಲಿ ದೋಸೆಹಿಟ್ಟು ಕಾದಿಟ್ಟದ್ದೂ ಅದೇ ಹೆಸರಿನ ಫ್ರಿಜ್ಜು.

ಅಂದಿನ ಚಿಂತೆ ಚಳಿಯದಾದರೆ ಇಂದಿನದು ಗಾಳಿಯಲ್ಲಿನ ಸಣ್ಣ ಕಣಗಳದು. ಭಾರತ 2009ರಲ್ಲಿ ನಿಗದಿಪಡಿಸಿದ ಮಾನದಂಡದ ಪ್ರಕಾರ 2.5 ಮೈಕ್ರಾನ್ ಮತ್ತು ಅದಕ್ಕೂ ಚಿಕ್ಕದಾದ (ಪಿಎಂ 2.5) ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 40 ಮೈಕ್ರೊಗ್ರಾಂ ಮೀರಬಾರದು; ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಬರೀ 5. ಈ ಅಂತರದ ಅರಿವಿದ್ದವರು ಲಾರಿಯ ಹಿಂದೆ ಸಿಕ್ಕಿಕೊಂಡಾಗ ಒಳಗಾಳಿಯ ಗುಂಡಿ ಒತ್ತುತ್ತಾರೆ. ಆಗ ಬಹುತೇಕ ಗಾಡಿಗಳಲ್ಲಿ ಒಳಗಿನ ಗಾಳಿಯೇ ಫಿಲ್ಟರಿನ ಮೂಲಕ ಮತ್ತೆ ಮತ್ತೆ ಸುತ್ತುತ್ತದೆ. ಲಾರಿ ದಾಟಿದ ಮೇಲೆ ಹೊರಗಾಳಿಗೆ ಹಿಂತಿರುಗುವುದನ್ನೂ ಮರೆಯುವುದಿಲ್ಲ. ನಾಲ್ಕು ಜನ ಕೂತ ಕಾರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಬೇಗ ಏರಿ ಡ್ರೈವರಿಗೆ ಮಂಪರು ಹತ್ತಬಹುದು.

ಎಲ್ಲ ಸರಿಯಾಗಿ ಕೂರಿಸಿ, ಫ್ಯಾನನ್ನು ಪೂರ್ತಿ ತಿರುಗಿಸಿದರೆ ಗಾಳಿಯ ರಭಸವೇ ಬೇರೆ. ಮೂರರಲ್ಲಿ ಓಡಿಸುತ್ತಿದ್ದವರಿಗೆ ಎರಡು ಸಾಕೆನಿಸುತ್ತದೆ. ಇಷ್ಟಾದರೂ ಎಸಿ ಹಾಕಿದ ಕೂಡಲೇ ಒದ್ದೆ ಕಾಲುಚೀಲದ ವಾಸನೆ ಬಂದರೆ ಅದಕ್ಕೆ ಕಾರಣ ಫಿಲ್ಟರಲ್ಲ, ಅದರಾಚೆಗಿನ ಕೂಲಿಂಗ್ ಕಾಯಿಲ್ಲಿನ ತೇವದಲ್ಲಿ ಬೆಳೆದ ಬೂಷ್ಟು. ಮನೆ ತಲುಪುವ ಐದು ನಿಮಿಷ ಮೊದಲು ಎಸಿ ಆರಿಸಿ ಬರೀ ಫ್ಯಾನು ಓಡಿಸಿದರೆ ಕಾಯಿಲ್ ಒಣಗುತ್ತದೆ, ವಾಸನೆ ಎಷ್ಟೋ ತಗ್ಗುತ್ತದೆ. ಅದಕ್ಕೂ ಬಗ್ಗದಿದ್ದರೆ ಎಸಿ ಮೆಕ್ಯಾನಿಕ್ಕನ್ನು ಕರೆಯಬೇಕು. ಅದು ಭಾನುವಾರ ಬೆಳಿಗ್ಗೆ ಪಂಚೆ ಉಟ್ಟುಕೊಂಡು ಮಾಡಿ ಮುಗಿಸುವ ಕೆಲಸವಲ್ಲ.