ಅರಿವಿನ ದಾಸೋಹ ಮತ್ತು ಜಾಲತಾಣ

ಹಸಿದವನಿಗೆ ಅನ್ನವನ್ನು ನೀಡುವುದಷ್ಟೇ ದಾಸೋಹವಲ್ಲ. ಅರಿವನ್ನು ಅರಸಿ ಬಂದವನ ಕೈಗೆ ಅದು ಎಟಕುವಂತೆ ಮಾಡುವುದೂ ದಾಸೋಹವೇ. ಇದನ್ನು ಬಾಳಿ ತೋರಿದವರು ಡಾ. ಫ. ಗು. ಹಳಕಟ್ಟಿಯವರು. ಮನೆಮನೆಗಳಲ್ಲಿ ಪೂಜೆಗೊಳ್ಳುತ್ತ, ಓದುವವರಿಲ್ಲದೆ ಮೌನವಾಗಿದ್ದ ಓಲೆಗರಿಗಳನ್ನು ಸಂಗ್ರಹಿಸಿ, 1923ರಲ್ಲಿ ಅವರು ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಮುಂದೆ ಸ್ವಂತ ಮನೆಯನ್ನೇ ಮಾರಿ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು.

ಇಂದು ಮಠಗಳಿಗೂ ಸೇವಾಸಂಸ್ಥೆಗಳಿಗೂ ಜಾಲತಾಣಗಳಿವೆ. ಆದರೆ ಅಲ್ಲಿಯೂ ವಚನವು ಓಲೆಗರಿಯಂತೆ ಮೌನವಾಗಿ ಉಳಿಯಬಹುದು. ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಿಸಿದ ವಚನವು ಹುಡುಕುವವನಿಗೆ ಸುಲಭವಾಗಿ ದೊರೆಯದು. ಮುಖಪುಟದ ತುಂಬ ಸಮಾರಂಭಗಳ ಭಾವಚಿತ್ರ, ದೇಣಿಗೆಯ ವಿವರಗಳೇ ಇದ್ದರೆ ಹೊಸಬನು ಹೊಸ್ತಿಲಿನಿಂದಲೇ ಹಿಂದಿರುಗುವನು.

ಪರನಾಡಿನಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ಕನ್ನಡವು ಕಿವಿಗೆ ತಿಳಿದರೂ ಕಣ್ಣಿಗೆ ತಿಳಿಯದು. ಅವರಿಗೆ ವಚನದ ಧ್ವನಿ ಬೇಕು. ಕಾಯಕ, ಲಿಂಗ, ಜಂಗಮ ಎಂಬ ಪದಗಳ ಸರಳವಾದ ಅರ್ಥ ಬೇಕು. ಕೇಳಿದ ಪ್ರಶ್ನೆಗೆ ತಾಳ್ಮೆಯ ಉತ್ತರ ಬೇಕು. ದೃಷ್ಟಿಯಿಲ್ಲದವರಿಗೆ ಗಣಕವು ಓದಿ ಹೇಳಬಲ್ಲ ಪಠ್ಯ ಬೇಕು. ಇವನ್ನು ಒದಗಿಸುವುದು ಪ್ರಚಾರವಲ್ಲ, ಕಾಯಕ.

ಆದರೆ ಎಷ್ಟು ಜನರು ನೋಡಿದರೆಂಬ ಎಣಿಕೆಯೇ ಹಿರಿದಾಗಬಾರದು. ‘ನಾನು ನೀಡಿದೆ’ ಎಂಬ ಭಾವವು ಸುಳಿದೊಡನೆ ದಾಸೋಹವು ಬರಿಯ ದಾನವಾಗಿ ಕುಗ್ಗುವುದು. ಸಂಸ್ಥೆಯ ಹೆಸರು ಹಿಂದೆ ನಿಂತು, ಶರಣರ ನುಡಿ ಮುಂದೆ ಬರಲಿ. ಅರಸಿ ಬಂದ ಒಬ್ಬನಿಗೆ ಒಂದು ವಚನವು ಅರ್ಥವಾದರೂ ಆ ಕಾಯಕವು ಸಾರ್ಥಕ.