ಸೈಕಲ್ ಡೈರಿ 4: ಉದ್ದ ಫೋರ್ಕ್ ಬೇಡ ಗುರು
ಅಣ್ಣ ಓಡಿಸ್ತಿದ್ದ 26 ಇಂಚಿನ ಎಂಟಿಬಿ ಇದು. ಮುಂದಿನ ಸಸ್ಪೆನ್ಷನ್ ಪೂರ್ತಿ ಸತ್ತಿದೆ. ಗುಂಡಿ ಬಂದ್ರೆ ಏಟು ನೇರ ಮಣಿಕಟ್ಟಿಗೆ. "140 ಎಂಎಂ ಹಾಕ್ಸು, ಸಖತ್ತಾಗಿರುತ್ತೆ" ಅಂತಾರೆ ಫ್ರೆಂಡ್ಸ್. ಆದ್ರೆ ಈ ಫ್ರೇಮ್ ಮಾಡಿರೋದು 100 ಎಂಎಂ ಟ್ರಾವೆಲ್‌ಗೆ. ಫೋರ್ಕ್ ಉದ್ದ ಆದ್ರೆ ಮುಂಭಾಗ ಮೇಲೇಳುತ್ತೆ, ತಿರುವಲ್ಲಿ ಸೈಕಲ್ ಮಾತು ಕೇಳಲ್ಲ, ಹೆಡ್ ಟ್ಯೂಬ್ ಮೇಲೆ ಒತ್ತಡ ಹೆಚ್ಚುತ್ತೆ. ಇಳಿಜಾರಲ್ಲಿ ಆ ವೆಲ್ಡಿಂಗ್ ಬಿಟ್ಟರೆ ದುಡ್ಡೂ ಹೋಯ್ತು, ಹಲ್ಲೂ ಹೋಯ್ತು.

ಅದಕ್ಕೇ ಅಳತೆ ಬರ್ಕೊಂಡೇ ಅಂಗಡಿಗೆ ಹೊರಟಿದ್ದೀನಿ: ಟ್ರಾವೆಲ್ 100, ಡಿಸ್ಕ್ ಬ್ರೇಕ್ ಮೌಂಟ್, ನನ್ನ ಹಬ್‌ಗೆ ಹೊಂದೋ 9 ಎಂಎಂ ಕ್ವಿಕ್ ರಿಲೀಸ್, 28.6 ಎಂಎಂ ನೇರ ಸ್ಟೀರರ್. ಈಗಿನ ಟೇಪರ್ಡ್ ಸ್ಟೀರರ್ ನನ್ನ ಹೆಡ್ ಟ್ಯೂಬ್‌ನಲ್ಲಿ ಕೂರಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಸ್ಟೀರರ್ ಎಷ್ಟು ಕತ್ತರಿಸಿದ್ದಾರೆ ಅಂತ ಮೊದ್ಲು ಅಳೀರಿ. ಗಿಡ್ಡ ಆಗಿದ್ರೆ ಬಿಟ್ಬಿಡಿ.

ಹೊಸ ಸೈಕಲ್ ಆಸೆ ನಂಗೂ ಇದೆ. ಆದ್ರೆ ಈ ಫ್ರೇಮ್ ಇನ್ನೂ ಗಟ್ಟಿಯಾಗಿದೆ. ನಿಮ್ಮ ಹಳೇ ಗಾಡಿಗೆ ಯಾವ ಫೋರ್ಕ್ ಹಾಕ್ಸಿದ್ರಿ? ಕಾಮೆಂಟಲ್ಲಿ ಹೇಳಿ.